ಹತ್ತು ಮೀಟರ್ ಏರ್ ರೈಫಲ್‌ಗೆ ಯಾವ ಪೆಲೆಟ್? ಹಾರಿಸಿ, ಅಳೆದು ನೋಡಿದ ಹೋಲಿಕೆ

ತನ್ನ ರೈಫಲ್‌ಗೆ ಒಪ್ಪುವ ಗುಂಡನ್ನು ತಾನೇ ಅಳೆದು, ತೂಗಿ, ಸಿದ್ಧಮಾಡಿಕೊಳ್ಳಬೇಕೆಂಬ ಆಸೆ ಶೂಟಿಂಗ್ ಹಿಡಿದ ಹೆಚ್ಚಿನವರಲ್ಲಿ ಒಂದಲ್ಲ ಒಂದು ದಿನ ಹುಟ್ಟುತ್ತದೆ. ಅಮೆರಿಕದಲ್ಲಿ ಹಾರಿಸಿದ ತೋಟಾಗಳ ಖಾಲಿ ಕೇಸುಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳುವ ಹವ್ಯಾಸಿಗಳು ಬಹಳ ಮಂದಿ ಇದ್ದಾರೆ. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ನಿಷೇಧಿಸುತ್ತದೆ. ಆದ್ದರಿಂದ ಆ ದಾರಿ ನಮ್ಮದಲ್ಲ. ಆದರೆ ಮದ್ದಿನ ಸೋಂಕೇ ಇಲ್ಲದೆ ಕೇವಲ ಒತ್ತಿದ ಗಾಳಿಯಿಂದ ಹಾರುವ ಏರ್ ರೈಫಲ್‌ನಲ್ಲಿ ಅದೇ ಶ್ರದ್ಧೆಗೆ ಸಾಕಷ್ಟು ಕೆಲಸವಿದೆ. ಮಗಳು ಬೆಂಗಳೂರಿನಲ್ಲಿ ಹತ್ತು ಮೀಟರ್ ಅಭ್ಯಾಸ ಆರಂಭಿಸಿ ಎಂಟು ತಿಂಗಳಾದ ಮೇಲೆ, ಅವಳ ರೈಫಲ್‌ಗೆ ಯಾವ ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ಸರಿಹೊಂದುತ್ತದೆ ಎಂಬುದನ್ನು ನಾನು ಆರು ಭಾನುವಾರ ಕುಳಿತು ಪರೀಕ್ಷಿಸಿದೆ.

ಪರೀಕ್ಷೆಗೆ ಕಾರಣವಾದದ್ದು ಒಂದು ಸಂಜೆಯ ಅಳು. ಒಳ್ಳೆಯ ಹತ್ತು ಅಂಕದ ಹೊಡೆತಗಳ ನಡುವೆ ಇದ್ದಕ್ಕಿದ್ದಂತೆ ಒಂದೊಂದು ಎಂಟು ಬೀಳುತ್ತಿತ್ತು. ಟ್ರಿಗರ್ ಎಳೆದದ್ದು ತಪ್ಪಾಯಿತೆಂದು ಅವಳು ತಿದ್ದಿಕೊಳ್ಳಲು ಹೋಗಿ, ಸರಿಯಾಗಿದ್ದ ಭಂಗಿಯನ್ನೂ ಕೆಡಿಸಿಕೊಳ್ಳುತ್ತಿದ್ದಳು. ಆ ಎಂಟುಗಳಲ್ಲಿ ಪೆಲೆಟ್ಟಿನ ಪಾಲೆಷ್ಟು, ಅವಳ ಪಾಲೆಷ್ಟು ಎಂದು ತಿಳಿಯದೆ ತರಬೇತಿ ಮುಂದುವರಿಸುವುದರಲ್ಲಿ ಅರ್ಥವಿಲ್ಲವೆಂದು ನನಗನ್ನಿಸಿತು.

ಇಲ್ಲಿ ಅಳತೆಗಳು ಎಷ್ಟು ಸೂಕ್ಷ್ಮವೆಂದರೆ, ಹತ್ತರ ಗುರುತು ಕೇವಲ 0.5 ಮಿ.ಮೀ. ವ್ಯಾಸದ ಚುಕ್ಕೆ. 4.5 ಮಿ.ಮೀ. ಪೆಲೆಟ್ಟಿನ ಅಂಚು ಆ ಚುಕ್ಕೆಯನ್ನು ತಾಕಿದರೆ ಹತ್ತು ದೊರೆಯುತ್ತದೆ, ಅಂದರೆ ಪೆಲೆಟ್ಟಿನ ಮಧ್ಯವು ಗುರಿಯ ಮಧ್ಯದಿಂದ 2.5 ಮಿ.ಮೀ. ಒಳಗಿರಬೇಕು. ದಶಮಾಂಶದ ಲೆಕ್ಕದಲ್ಲಿ ಪ್ರತಿ 0.25 ಮಿ.ಮೀ.ಗೆ 0.1 ಅಂಕ ಇಳಿಯುವುದರಿಂದ, ಪೆಲೆಟ್ಟಿನಿಂದ ಬರುವ ಅರ್ಧ ಮಿಲಿಮೀಟರ್ ಚದುರುವಿಕೆಯೂ 60 ಹೊಡೆತಗಳ ಮೊತ್ತದಲ್ಲಿ ಎದ್ದು ಕಾಣುತ್ತದೆ.

ರೈಫಲ್ ಅನ್ನು ಚರ್ಮದ ಪಟ್ಟಿ ಸುತ್ತಿದ ಮರದ ದವಡೆಗಳ ವೈಸ್‌ನಲ್ಲಿ ಬಿಗಿದು, ಸಿಲಿಂಡರಿನ ಒತ್ತಡವನ್ನು ಪ್ರತಿ ಸಲವೂ ಒಂದೇ ಮಟ್ಟದಿಂದ ಆರಂಭಿಸಿ, ಪ್ರತಿ ಬಗೆಯಲ್ಲೂ ಐದು ಹೊಡೆತಗಳ ಹತ್ತು ಗ್ರೂಪ್‌ಗಳನ್ನು ಹಾರಿಸಿದೆ. ಗ್ರೂಪಿನ, ಅಂದರೆ ಐದೂ ತೂತುಗಳ ಗುಂಪಿನ, ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್‌ನಲ್ಲಿ ಅಳೆದೆ. ಐದೂ ಪೆಲೆಟ್ ಒಂದೇ ತೂತಿನಲ್ಲಿ ಹೋದರೆ ಅಳತೆ 4.5 ಮಿ.ಮೀ. ಬರಬೇಕು; ಅದಕ್ಕಿಂತ ಹೆಚ್ಚಾದುದೆಲ್ಲ ಚದುರುವಿಕೆ.

ಮೊದಲು ಹಾರಿಸಿದ್ದು ನಾವು ಅಲ್ಲಿಯವರೆಗೆ ಬಳಸುತ್ತಿದ್ದ, ಡಬ್ಬಿಯಲ್ಲಿ ಸಡಿಲವಾಗಿ ತುಂಬಿ ಬರುವ ಅಗ್ಗದ ದೇಶೀ ಪೆಲೆಟ್. ಸರಾಸರಿ 9.4 ಮಿ.ಮೀ. ಬಂತು. ಅದಕ್ಕಿಂತ ಕಳವಳ ಹುಟ್ಟಿಸಿದ್ದು, ಹತ್ತರಲ್ಲಿ ನಾಲ್ಕು ಗ್ರೂಪ್‌ಗಳಲ್ಲಿ ನಾಲ್ಕು ಹೊಡೆತ ಒಟ್ಟಿಗೆ ಬಿದ್ದು ಐದನೆಯದು ದೂರ ಹಾರಿದ್ದು. ಮಗಳ ಎಂಟುಗಳ ಸ್ವಭಾವ ಸರಿಯಾಗಿ ಇದೇ ಆಗಿತ್ತು. ಡಬ್ಬಿಯನ್ನು ಮೇಜಿನ ಮೇಲೆ ಸುರಿದು ನೋಡಿದಾಗ ಕಾರಣ ಬರಿಗಣ್ಣಿಗೇ ಕಂಡಿತು. ಪೆಲೆಟ್ಟಿನ ಹಿಂಭಾಗದ ತೆಳು ಸ್ಕರ್ಟ್ ಗಾಳಿಯ ಒತ್ತಡಕ್ಕೆ ಅರಳಿ, ಬ್ಯಾರೆಲ್ಲಿನ ಸುರುಳಿ ಗೀರುಗಳಿಗೆ ಕಚ್ಚಿಕೊಂಡು ಗಾಳಿ ಸೋರದಂತೆ ತಡೆಯಬೇಕು. ಸಾಗಾಟದಲ್ಲಿ ಒಂದಕ್ಕೊಂದು ತಾಗಿ ಜಜ್ಜಿಹೋದ ಸ್ಕರ್ಟ್ ಆ ಕೆಲಸವನ್ನು ಸಮನಾಗಿ ಮಾಡಲಾರದು. ಅಂಥವನ್ನೆಲ್ಲ ಒಂದೊಂದಾಗಿ ಆರಿಸಿ ತೆಗೆದು ಉಳಿದವನ್ನು ಹಾರಿಸಿದಾಗ ಸರಾಸರಿ 8.1ಕ್ಕೆ ಇಳಿಯಿತು, ದೂರ ಹಾರುವುದು ಒಂದು ಗ್ರೂಪಿಗೆ ಸೀಮಿತವಾಯಿತು. ಖರ್ಚಿಲ್ಲದ ಸುಧಾರಣೆ ಇದು. ಅಗ್ಗದ ಪೆಲೆಟ್ ಬಳಸುವ ಎಲ್ಲರೂ ಮಾಡಲೇಬೇಕಾದ ಕೆಲಸ.

ಆಮೇಲೆ ತೂಕ. ಎಸ್.ಪಿ. ರಸ್ತೆಯಲ್ಲಿ ಕೊಂಡ ಮಿಲಿಗ್ರಾಂ ತಕ್ಕಡಿಯಲ್ಲಿ ಇನ್ನೂರು ಪೆಲೆಟ್‌ಗಳನ್ನು ಒಂದೊಂದಾಗಿ ತೂಗಲು ಒಂದು ಇಡೀ ಸಂಜೆ ಹಿಡಿಯಿತು. ಫಲ ಅಷ್ಟಕ್ಕಷ್ಟೇ. ಲೆಕ್ಕ ಹಾಕಿದರೆ ಅದು ಹಾಗೆಯೇ ಇರಬೇಕು: ಸೆಕೆಂಡಿಗೆ ಸುಮಾರು 170 ಮೀಟರ್ ವೇಗದ ಪೆಲೆಟ್ ಹತ್ತು ಮೀಟರ್ ಕ್ರಮಿಸುವಷ್ಟರಲ್ಲಿ ಗುರುತ್ವದಿಂದ ಸುಮಾರು 17 ಮಿ.ಮೀ. ಕೆಳಗಿಳಿಯುತ್ತದೆ, 0.53 ಗ್ರಾಂ ಪೆಲೆಟ್ಟಿನಲ್ಲಿ 0.01 ಗ್ರಾಂ ವ್ಯತ್ಯಾಸವಾದರೆ ವೇಗ ಶೇ. 1ರಷ್ಟು ಬದಲಾಗಿ, ಆ ಇಳಿತದಲ್ಲಿ ಆಗುವ ಅಂತರ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ ಮಾತ್ರ. ಅಂತರರಾಷ್ಟ್ರೀಯ ಪಂದ್ಯದವರಿಗೆ ಅದೂ ಮುಖ್ಯವಿರಬಹುದು. ಕಲಿಯುವ ಹುಡುಗಿಯ ಸಂಜೆಯನ್ನು ತಕ್ಕಡಿಯ ಮುಂದೆ ಕಳೆಯಿಸುವುದಕ್ಕಿಂತ ಭಂಗಿಯ ಅಭ್ಯಾಸಕ್ಕೆ ಬಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಕೊನೆಗೆ ಜರ್ಮನಿಯ ಎರಡು ಮ್ಯಾಚ್ (ಸ್ಪರ್ಧೆಗೆಂದು ಮಾಡಿದ) ಪೆಲೆಟ್‌ಗಳನ್ನು ತಂದೆ: ಆರ್‌ಡಬ್ಲ್ಯೂಎಸ್ ಆರ್10, ಮತ್ತು ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್. ಎರಡರಲ್ಲೂ ರೈಫಲ್‌ಗೆಂದೇ ಬರುವ 0.53 ಗ್ರಾಂ ತೂಕದವನ್ನೇ ಆರಿಸಿದೆ. ಆರ್10ರಲ್ಲಿ ಪಿಸ್ತೂಲಿನ ಬಗೆ 0.45 ಗ್ರಾಂ ಇರುವುದರಿಂದ ಡಬ್ಬಿ ಕೊಳ್ಳುವಾಗ ನೋಡಿಕೊಳ್ಳಬೇಕು. ಆರ್10ರಲ್ಲಿ 4.50 ತಲೆಯಳತೆಯದು (ಪೆಲೆಟ್ಟಿನ ಮುಂಭಾಗದ ವ್ಯಾಸ, ಮಿ.ಮೀ.ಗಳಲ್ಲಿ) 6.5 ಮಿ.ಮೀ. ಸರಾಸರಿ ಕೊಟ್ಟರೆ, ಅದೇ ಪೆಲೆಟ್ಟಿನ 4.49 ಅಳತೆಯದು 5.7 ಕೊಟ್ಟಿತು. ಫಿನಾಲೆ ಮ್ಯಾಚ್‌ನ 4.50 ಅಳತೆಯದು 5.8. ಈ ಎರಡರ ನಡುವಿನ 0.1 ಮಿ.ಮೀ. ಅಂತರವನ್ನು ಹತ್ತು ಗ್ರೂಪ್‌ಗಳ ಪರೀಕ್ಷೆಯಿಂದ ನಂಬಬಾರದು. ನನ್ನ ಲೆಕ್ಕದಲ್ಲಿ ಅವೆರಡೂ ಸಮ. ಆದರೆ ಒಂದೇ ಪೆಲೆಟ್ಟಿನ ಎರಡು ಅಳತೆಗಳ ನಡುವೆ 0.8 ಮಿ.ಮೀ. ಅಂತರ ಬಂದುದು ನನಗೆ ಈ ಪರೀಕ್ಷೆಯ ಅತ್ಯಂತ ದೊಡ್ಡ ಪಾಠವಾಯಿತು. ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ವ್ಯತ್ಯಾಸ ಇಷ್ಟು ಮಾಡಬಲ್ಲದೆಂದು ನಾನು ಎಣಿಸಿರಲಿಲ್ಲ. ಇದು ನಮ್ಮ ಬ್ಯಾರೆಲ್ಲಿನ ಮಾತು. ಪಕ್ಕದ ಲೇನಿನ ಹುಡುಗನ ರೈಫಲ್ ಅನ್ನು ಅದೇ ವೈಸ್‌ಗೆ ಬಿಗಿದಾಗ 4.50 ಅಳತೆಯ ಆರ್10 ಮುಂದಿತ್ತು.

ಹಾಗಾಗಿ ಇಂಥದ್ದೇ ಕೊಳ್ಳಿರೆಂದು ಹೇಳುವುದು ಸಾಧ್ಯವಿಲ್ಲ. ರೇಂಜಿನ ಗೆಳೆಯರಿಂದ ಎರಡು ಮೂರು ಅಳತೆಗಳ ಐವತ್ತೈವತ್ತು ಪೆಲೆಟ್ ಕೇಳಿ ಪಡೆದು, ವೈಸ್‌ನಲ್ಲಿ ಬಿಗಿದು ಹಾರಿಸಿ ನೋಡಿ, ಆಮೇಲೆ ಡಬ್ಬಿ ಕೊಳ್ಳುವುದು ಹಣವನ್ನೂ ಉಳಿಸುತ್ತದೆ. ಮೊದಲ ಎರಡು ಮೂರು ತಿಂಗಳು, ಕೈಯ ಅಲುಗಾಟವೇ ಹತ್ತು ಹನ್ನೆರಡು ಮಿಲಿಮೀಟರ್ ಇರುವಾಗ, ಆರಿಸಿದ ದೇಶೀ ಪೆಲೆಟ್ ಸಾಕು. ಗ್ರೂಪ್ ಕೂಡತೊಡಗಿದ ಮೇಲೆ ಅದರಲ್ಲೇ ಮುಂದುವರಿದರೆ ಮಕ್ಕಳು ಸೀಸದ ತಪ್ಪನ್ನು ತಮ್ಮ ತಪ್ಪೆಂದು ಕಲಿಯುತ್ತಾರೆ. ಈ ಪೆಲೆಟ್ಟುಗಳೆಲ್ಲ ಸೀಸವೇ ಆದ್ದರಿಂದ, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಏನನ್ನೂ ತಿನ್ನಬಾರದೆಂಬುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಸಬೇಕು.

ನಾವು ಈಗ 4.49 ಅಳತೆಯ ಆರ್10 ಅನ್ನು, ಪರೀಕ್ಷಿಸಿದ ಡಬ್ಬಿಯ ಬ್ಯಾಚ್ ಸಂಖ್ಯೆಯನ್ನೇ ಹುಡುಕಿ, ಐದು ಡಬ್ಬಿ ತಂದಿಟ್ಟುಕೊಂಡಿದ್ದೇವೆ. ಕಳೆದ ವಾರ ಒಂದು ಎಂಟು ಬಿದ್ದಾಗ ಮಗಳು ಟಾರ್ಗೆಟ್ ಕಾಗದವನ್ನು ನನ್ನ ಕೈಗಿತ್ತು, "ಅಪ್ಪ, ಇದು ನನ್ನದೇ, ಉಸಿರು ಬಿಟ್ಟುಬಿಟ್ಟೆ" ಎಂದಳು.