ಲಿಕ್ವಿಡ್ ಲೇಟೆಕ್ಸ್: ಮೇಕಪ್‌ಗೆ ಸೈ, ಅಚ್ಚಿಗೆ ಅರ್ಧ ಸೈ

ನಮ್ಮ ಹವ್ಯಾಸಿ ನಾಟಕ ತಂಡದ ಮೇಕಪ್ ಪೆಟ್ಟಿಗೆಯಲ್ಲಿ ಕೆಲವು ವರ್ಷಗಳಿಂದ ಲಿಕ್ವಿಡ್ ಲೇಟೆಕ್ಸ್ ಡಬ್ಬಿ ತಪ್ಪಿದ್ದಿಲ್ಲ. ಗಾಯ, ಸುಟ್ಟ ಚರ್ಮ, ಮುದುಕರ ಸುಕ್ಕು ಎಲ್ಲಕ್ಕೂ ಅದೇ. ಬಿಡುವಿದ್ದಾಗ ಅಚ್ಚು ತೆಗೆಯುವುದಕ್ಕೂ ಬಳಸುತ್ತೇನೆ.

ಇದು ಬೇರೇನಲ್ಲ, ರಬ್ಬರ್ ಮರದ ಹಾಲು. ಪುತ್ತೂರು, ಸುಳ್ಯದ ಕಡೆ ತೋಟಗಳಲ್ಲಿ ಮರದಿಂದ ಇಳಿಯುತ್ತದಲ್ಲ, ಅದೇ. ಅಲ್ಲಿ ಆಸಿಡ್ ಹಾಕಿ ಗಟ್ಟಿ ಮಾಡಿ ಶೀಟ್ ಒತ್ತುತ್ತಾರೆ. ಡಬ್ಬಿಯಲ್ಲಿ ಬರುವುದಕ್ಕೆ ಗಟ್ಟಿಯಾಗದಂತೆ ಅಮೋನಿಯಾ ಸೇರಿಸಿ, ನೀರಿನಂಶ ಕಡಿಮೆ ಮಾಡಿರುತ್ತಾರೆ. ಸಾಮಾನ್ಯವಾಗಿ ರಬ್ಬರಿನ ಅಂಶ 60% ಆಸುಪಾಸು. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುವ ಘಾಟು ಆ ಅಮೋನಿಯಾದ್ದೇ. ಹಾಗಾಗಿ ಅಚ್ಚಿಗೆಂದು ಮಾರುವುದನ್ನು ಮುಖಕ್ಕೆ ಹಚ್ಚಬೇಡಿ. ಮೇಕಪ್‌ಗೆಂದೇ ಬರುವ, ಅಮೋನಿಯಾ ಕಡಿಮೆ ಇರುವುದನ್ನು ಕೇಳಿ ತಗೊಳ್ಳಿ.

ಕೇಳಲೇಬೇಕು, ಯಾಕಂದ್ರೆ ನನಗೆ ಬರುವ ಡಬ್ಬಿಗಳ ಮೇಲೆ ಇದ್ಯಾವುದೂ ಬರೆದಿರುವುದಿಲ್ಲ, ತಯಾರಾದ ತಿಂಗಳೂ ಇಲ್ಲ. ಒಂದು ಸಲ ಆನ್‌ಲೈನಲ್ಲಿ ತರಿಸಿದ್ದು ತಳದಲ್ಲಿ ಆಗಲೇ ಮೊಸರಿನಂತೆ ಗಡ್ಡೆ ಕಟ್ಟಿತ್ತು. ಕೇಳಿದರೆ ‘ಕೆಮಿಕಲ್ ಐಟಂ, ರಿಟರ್ನ್ ಇಲ್ಲ’ ಅಂದರು.

ಮೇಕಪ್‌ನಲ್ಲಿ ಮಾತ್ರ ಇದರ ಮುಂದೆ ಈ ಬೆಲೆಗೆ ಬೇರೆ ಯಾವುದೂ ನಿಲ್ಲುವುದಿಲ್ಲ. ಗಾಯ ಮಾಡಬೇಕಾದರೆ ಮೊದಲು ತೆಳ್ಳಗೆ ಒಂದು ಕೋಟ್. ಹಸಿ ಇರುವಾಗಲೇ ಟಿಶ್ಯೂ ಪೇಪರಿನ ಒಂದೇ ಪದರ ಬಿಡಿಸಿ ಅಂಟಿಸಿ. ಕತ್ತರಿ ಬೇಡ, ಕೈಯಲ್ಲೇ ಹರಿಯಿರಿ. ಹರಿದ ಅಂಚು ಚರ್ಮದ ಜೊತೆ ಸೇರಿಹೋಗುತ್ತದೆ, ಕತ್ತರಿಸಿದ್ದು ಗೆರೆಯಾಗಿ ಎದ್ದು ಕಾಣುತ್ತದೆ. ಮೇಲೆ ಇನ್ನೊಂದು ಕೋಟ್. ಹಾಲಿನ ಬಿಳಿ ಪೂರ್ತಿ ಹೋಗಿ ಮಾಸಲು ಹಳದಿಗೆ ತಿರುಗಿದರೆ ಒಣಗಿದೆ ಅಂತ ಲೆಕ್ಕ. ಆಮೇಲೆ ನಡುವೆ ಚಿಮಟದಿಂದ ಎತ್ತಿ ಸೀಳಿ, ಒಳಗೆ ಕಡುಗೆಂಪು, ಆಳದಲ್ಲಿ ಚೂರು ಕಪ್ಪು. ನಕಲಿ ರಕ್ತ ಕೊನೆಗೆ, ಅದೂ ಸ್ವಲ್ಪವೇ.

ಸುಕ್ಕು ಇನ್ನೂ ಸುಲಭ. ಒಬ್ಬರು ಚರ್ಮ ಎಳೆದು ಹಿಡಿಯಬೇಕು, ಇನ್ನೊಬ್ಬರು ಸ್ಪಂಜಿನಿಂದ ಲೇಟೆಕ್ಸ್ ತಟ್ಟಿ, ಒಣಗಿಸಿ, ಪೌಡರ್ ಹಾಕಬೇಕು. ಕೈ ಬಿಟ್ಟರೆ ಸುಕ್ಕು ತಾನಾಗಿ ಬೀಳುತ್ತದೆ. ಪೌಡರ್ ಮರೆಯಬೇಡಿ, ಒಣಗಿದ ಲೇಟೆಕ್ಸ್ ತನಗೆ ತಾನೇ ಅಂಟಿಕೊಂಡರೆ ಬಿಡಿಸೋಕಾಗಲ್ಲ. ಕೂದಲಿರುವ ಕಡೆ ಹಚ್ಚಲೇಬೇಡಿ. ಹುಬ್ಬಿನ ಹತ್ತಿರ ಕೆಲಸವಿದ್ದರೆ ಮೊದಲು ಹುಬ್ಬಿಗೆ ವ್ಯಾಸಲೀನ್ ಮೆತ್ತಿ.

ರಬ್ಬರ್ ಕೈಗವಸು, ಬಲೂನ್ ಮುಟ್ಟಿದರೆ ತುರಿಕೆ ಬರುವವರು ಇದರ ತಂಟೆಗೇ ಹೋಗಬಾರದು. ಬಾಳೆಹಣ್ಣು, ಕಿವಿ ಹಣ್ಣು ಆಗದವರಲ್ಲಿ ಕೆಲವರಿಗೆ ಇದೂ ಆಗುವುದಿಲ್ಲ. ಹೊಸ ನಟರಿಗೆ ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ ನೋಡುತ್ತೇನೆ. ಹಾಗೆ ನೋಡಿ ತುರಿಕೆ ಏನೂ ಬರದಿದ್ದರೂ ಮೇಕಪ್ ದಿನ ಒಂದು ಕಣ್ಣು ಇಟ್ಟಿರುತ್ತೇನೆ.

ಇನ್ನು ಅಚ್ಚು. ಮುಖವಾಡಕ್ಕಾದರೆ ಒಳ್ಳೆಯ ಕೆಲಸ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿನೊಳಗೆ ಲೇಟೆಕ್ಸ್ ಸುರಿದರೆ ಪ್ಲಾಸ್ಟರ್ ನೀರು ಹೀರಿ ಅಂಚಿಗೆ ಸಿಪ್ಪೆ ಕಟ್ಟಿಸುತ್ತದೆ. ಉಳಿದದ್ದನ್ನು ಡಬ್ಬಿಗೆ ವಾಪಸ್ ಸುರಿಯಬಹುದು. ಆದರೆ ಲೇಟೆಕ್ಸನ್ನೇ ಅಚ್ಚಾಗಿ ಮಾಡುವುದು ತಾಳ್ಮೆ ಪರೀಕ್ಷೆ. ಬ್ರಷ್‌ನಲ್ಲಿ ಕೋಟ್ ಮೇಲೆ ಕೋಟ್, ಪ್ರತಿಯೊಂದೂ ಒಣಗಬೇಕು, ನಡುವೆ ಬ್ಯಾಂಡೇಜ್ ಬಟ್ಟೆ ಕೂರಿಸಬೇಕು, ಹೊರಗೆ ಪ್ಲಾಸ್ಟರ್ ಕವಚ ಬೇರೆ. ಮಳೆಗಾಲದಲ್ಲಂತೂ ಒಣಗುವುದೇ ಇಲ್ಲ. ಒಣಗಿದ ಮೇಲೆ ಚೂರು ಕುಗ್ಗುತ್ತದೆ, ಅಳತೆ ಕರಾರುವಾಕ್ಕಾಗಿ ಬೇಕಿದ್ದರೆ ದುಡ್ಡು ಜಾಸ್ತಿಯಾದರೂ ಸಿಲಿಕೋನ್ ತಗೊಳ್ಳಿ. ಪ್ಲಾಸ್ಟರ್, ಸಿಮೆಂಟ್ ಎರಕಕ್ಕೆ ಲೇಟೆಕ್ಸ್ ಅಚ್ಚು ಚೆನ್ನಾಗಿ ಬಾಳುತ್ತದೆ, ಪಾಲಿಯೆಸ್ಟರ್ ರೆಸಿನ್ ಹೊಯ್ದರೆ ಬೇಗ ಹಾಳು. ಎಣ್ಣೆ, ಬಿಸಿಲು ಎರಡೂ ಇದಕ್ಕೆ ಶತ್ರು.

ಬ್ರಷ್ ಉಳಿಯಬೇಕಾದರೆ ಮೊದಲೇ ಸೋಪಿನ ನೀರಲ್ಲಿ ಅದ್ದಿ. ನಾನಂತೂ ಈಗ ದುಬಾರಿ ಬ್ರಷ್ ಬಿಟ್ಟು ಅಗ್ಗದ್ದನ್ನೇ ತರುತ್ತೇನೆ. ಲೇಟೆಕ್ಸ್‌ನಲ್ಲೂ ಐದು ಲೀಟರಿನ ಕ್ಯಾನ್ ಅಗ್ಗ ಬಿದ್ದರೂ ಅರ್ಧ ಲೀಟರಿನದ್ದೇ ಸಾಕು ಅನ್ನುತ್ತೇನೆ. ಮುಚ್ಚಳ ತೆಗೆದ ಡಬ್ಬಿ ಮುಂದಿನ ನಾಟಕದವರೆಗೆ ಕಾಯುವುದಿಲ್ಲ.