ಐಕ್ಲೀನರ್ ಪ್ರೊ: ಜೈಲ್‌ಬ್ರೇಕ್ ಆದ 32 ಜಿಬಿ ಐಫೋನ್‌ನಲ್ಲಿ ಎಲ್ಲಿ ಜಾಗ ಸಿಗುತ್ತೆ, ಎಲ್ಲಿ ಬರೀ ಭ್ರಮೆ

ಬಳಸಿದ ಫೋನ್: ಮೊದಲ ತಲೆಮಾರಿನ ಐಫೋನ್ ಎಸ್‌ಇ, 32 ಜಿಬಿ (2017ರಿಂದ ಬೆಂಗಳೂರಿನಲ್ಲೇ ಜೋಡಣೆಯಾದ ಮಾದರಿ). ಐಓಎಸ್ 14, ಚೆಕ್‌ರೇನ್ ಎಂಬ ಟೂಲ್‌ನಿಂದ ಜೈಲ್‌ಬ್ರೇಕ್ (ಆಪಲ್ ಹಾಕಿದ ನಿರ್ಬಂಧ ತೆಗೆಯುವುದು). ಅಂಕ: 5ಕ್ಕೆ 3.5.

ಐಕ್ಲೀನರ್ ಪ್ರೊ ಅಂದರೆ ಜೈಲ್‌ಬ್ರೇಕ್ ಆದ ಫೋನ್‌ನಲ್ಲಿ ಬೇಡದ ಫೈಲ್ ಅಳಿಸುವ ಆ್ಯಪ್. ಅಂಕ ಕಳೆದದ್ದು ಅದು ಕೆಟ್ಟದ್ದು ಅಂತಲ್ಲ. ಬಹಳ ಜನ ಇದನ್ನು ಹಾಕಿಕೊಳ್ಳುವುದೇ ಬೇಡದ ಭಾಷೆಗಳ ಫೈಲ್ ಅಳಿಸಿ ಸಿಸ್ಟಮ್ ಜಾಗ ಉಳಿಸೋಣ ಅಂತ. ಆ ಲೆಕ್ಕ ಈಗ ಹೊಂದುವುದಿಲ್ಲ.

ಐಓಎಸ್ 10.3ಕ್ಕಿಂತ ಹಿಂದೆ ಸಿಸ್ಟಮ್‌ಗೆ ಒಂದು ಚಿಕ್ಕ ಪಾರ್ಟಿಷನ್ (ಸ್ಟೋರೇಜ್‌ನ ಪ್ರತ್ಯೇಕ ಭಾಗ), ಡೇಟಾಗೆ ಒಂದು ದೊಡ್ಡದು. ಚಿಕ್ಕದು ತುಂಬಿತೋ, ಡೇಟಾ ಕಡೆ ಎಷ್ಟೇ ಖಾಲಿ ಇದ್ದರೂ ಟ್ವೀಕ್ (ಐಓಎಸ್‌ನ ನಡವಳಿಕೆ ಬದಲಿಸುವ ಪುಟ್ಟ ಪ್ಯಾಕೇಜ್) ಇನ್‌ಸ್ಟಾಲ್ ಆಗುತ್ತಿರಲಿಲ್ಲ. ಟ್ವೀಕ್ ಹಾಕಲು ಬಳಸುವ ಸಿಡಿಯಾ ಆ್ಯಪ್ ಕೆಲವು ಫೋಲ್ಡರ್‌ಗಳನ್ನು ಡೇಟಾ ಕಡೆಗೆ ಸಾಗಿಸಿ, ಹಳೆಯ ಜಾಗದಲ್ಲಿ ಸಿಮ್‌ಲಿಂಕ್ (ಹೊಸ ಜಾಗಕ್ಕೆ ದಾರಿ ತೋರಿಸುವ ಕೊಂಡಿ) ಬಿಡುತ್ತಿದ್ದದ್ದು (ಸ್ಟ್ಯಾಶಿಂಗ್) ಇದೇ ಕಾರಣಕ್ಕೆ. 2017ರಲ್ಲಿ 10.3ರ ಜೊತೆ ಎಪಿಎಫ್‌ಎಸ್ (ಆಪಲ್‌ನ ಹೊಸ ಫೈಲ್ ಸಿಸ್ಟಮ್) ಬಂತು. ಸಿಸ್ಟಮ್, ಡೇಟಾ ಎರಡೂ ವಾಲ್ಯೂಮ್‌ಗಳು (ಭಾಗಗಳು) ಒಂದೇ ಕಂಟೇನರ್‌ನ ಜಾಗ ಹಂಚಿಕೊಳ್ಳತೊಡಗಿದವು. 11.3ರಿಂದ ಸಿಸ್ಟಮ್ ಮೌಂಟ್ ಆಗುವುದು (ಬಳಕೆಗೆ ತೆರೆಯುವುದು) ಸ್ನ್ಯಾಪ್‌ಶಾಟ್‌ನಿಂದ, ಅಂದರೆ ಒಂದು ಕ್ಷಣದ ಸ್ಥಿತಿಯನ್ನು ಹಾಗೇ ಹಿಡಿದಿಟ್ಟ ಪ್ರತಿಯಿಂದ. ಜೈಲ್‌ಬ್ರೇಕ್ ಟೂಲ್ ಆ ಮೂಲ ಸ್ನ್ಯಾಪ್‌ಶಾಟ್‌ನ ಹೆಸರು ಬದಲಿಸಿ ಹಾಗೇ ಇಟ್ಟಿರುತ್ತದೆ. ನೀವು ಭಾಷೆ ಅಳಿಸಿದರೆ ಫೈಲ್ ಕಣ್ಣಿಗೆ ಕಾಣದು, ಆದರೆ ಅದರ ಬ್ಲಾಕ್‌ಗಳನ್ನು ಸ್ನ್ಯಾಪ್‌ಶಾಟ್ ಹಿಡಿದುಕೊಂಡೇ ಇರುತ್ತದೆ. ಬಿಡುಗಡೆಯಾಗುವ ಜಾಗ ಸೊನ್ನೆ. ಕೀಬೋರ್ಡ್ ವಿಭಾಗಕ್ಕೂ ಇದೇ ಮಾತು: ಎಡವಟ್ಟಿನಲ್ಲಿ ಕನ್ನಡ ಕೀಬೋರ್ಡ್ ಹೋದರೆ ಜಾಗವೂ ಇಲ್ಲ, ಕೀಬೋರ್ಡೂ ಇಲ್ಲ. ಸ್ನ್ಯಾಪ್‌ಶಾಟನ್ನೇ ಕಿತ್ತುಹಾಕಬಹುದಲ್ಲ ಅನ್ನಿಸಿದರೆ ಅಲ್ಲೇ ಕೈ ತಡೆಯಿರಿ. ಚೆಕ್‌ರೇನ್ ಆ್ಯಪ್‌ನ 'ರಿಸ್ಟೋರ್ ಸಿಸ್ಟಮ್' (ಜೈಲ್‌ಬ್ರೇಕ್ ತೆಗೆದು ಸಿಸ್ಟಮನ್ನು ಮೊದಲಿನಂತೆ ಮಾಡುವ ಆಯ್ಕೆ) ನಿಂತಿರುವುದೇ ಅದರ ಮೇಲೆ.

ನಿಜವಾದ ಜಾಗ ಇರುವುದು ವಾರ್ (/var) ಫೋಲ್ಡರ್‌ನಲ್ಲಿ, ಅಂದರೆ ಡೇಟಾ ಕಡೆ. ಇಲ್ಲಿ ಐಕ್ಲೀನರ್‌ಗೆ ಪೂರ್ತಿ ಅಂಕ. ಮೊದಲು ಕಂಪ್ಯೂಟರ್‌ಗೆ ಬ್ಯಾಕಪ್. ಆಮೇಲೆ ಟೆಸ್ಟ್ ಮೋಡ್ ಆನ್ ಮಾಡಿ ಒಂದು ಸಲ ಓಡಿಸಿ. ಏನೂ ಅಳಿಸದೆ ಯಾವುದರಲ್ಲಿ ಎಷ್ಟಿದೆ ಅಂತಷ್ಟೇ ತೋರಿಸುತ್ತದೆ. ಲಾಗ್, ಕ್ಯಾಶ್, ಟೆಂಪರರಿ ಫೈಲ್, ಸಿಡಿಯಾ ಕ್ಯಾಶ್: ಈ ನಾಲ್ಕನ್ನು ಧೈರ್ಯವಾಗಿ ಆನ್ ಮಾಡಬಹುದು. ಯಾವುದೋ ಟ್ವೀಕ್ ಪದೇ ಪದೇ ಕ್ರ್ಯಾಶ್ ಆಗುತ್ತಿದ್ದರೆ ಕ್ರ್ಯಾಶ್‌ರಿಪೋರ್ಟರ್ ಫೋಲ್ಡರ್ ಸದ್ದಿಲ್ಲದೆ ಬೆಳೆದಿರುತ್ತದೆ. ಆ ಟ್ವೀಕ್ ತೆಗೆಯದೆ ಬರೀ ಲಾಗ್ ಅಳಿಸಿದರೆ ವಾರದಲ್ಲಿ ಮತ್ತೆ ಅದೇ ಕಥೆ. ಸಿಡಿಯಾ ಸೋರ್ಸ್ (ಯಾವ ಟ್ವೀಕ್ ಎಲ್ಲಿ ಸಿಗುತ್ತೆ ಅನ್ನುವ ಪಟ್ಟಿಗಳು) ಅಳಿಸುವುದರಿಂದ ಪ್ರಯೋಜನವಿಲ್ಲ, ಮುಂದಿನ ರಿಫ್ರೆಶ್‌ಗೆ ಅಷ್ಟೂ ಮತ್ತೆ ಡೌನ್‌ಲೋಡ್ ಆಗುತ್ತದೆ. ಕುಕೀಸ್ ಆನ್ ಮಾಡಿದರೆ ವೆಬ್‌ಸೈಟ್‌ಗಳಲ್ಲೆಲ್ಲ ಮತ್ತೆ ಲಾಗಿನ್. ಮೆಸೇಜ್ ಅಟ್ಯಾಚ್‌ಮೆಂಟನ್ನು ಪೂರ್ತಿ ಆನ್ ಮಾಡಬೇಡಿ, ಬೇಕಾದ ಫೋಟೋಗಳೂ ಹೋಗುತ್ತವೆ.

ಇಷ್ಟಾದರೂ ಜಾಗ ಸಾಲದಿದ್ದರೆ ಕಾರಣ ಬಹುತೇಕ ವಾಟ್ಸ್ಯಾಪ್. ಶುಭೋದಯದ ವಿಡಿಯೋಗಳೆಲ್ಲ ಅದರ ಶೇರ್ಡ್ ಆ್ಯಪ್‌ಗ್ರೂಪ್ ಫೋಲ್ಡರ್‌ನೊಳಗಿನ ಮೀಡಿಯಾದಲ್ಲಿ ಕೂತಿರುತ್ತವೆ. ಐಓಎಸ್ 14ರಲ್ಲಿ ವಾಟ್ಸ್ಯಾಪ್ ಓಡುತ್ತಿದ್ದಾಗ (2025ರ ಮೇವರೆಗೆ) ಅದನ್ನು ಐಕ್ಲೀನರ್‌ನಿಂದಲ್ಲ, ವಾಟ್ಸ್ಯಾಪ್‌ನ ಸ್ಟೋರೇಜ್ ಸೆಟ್ಟಿಂಗ್‌ನಿಂದಲೇ ಅಳಿಸಬೇಕಿತ್ತು. ಫೋಟೋಗಳನ್ನೂ ಫೋಟೋಸ್ ಆ್ಯಪ್‌ನಿಂದಲೇ ಅಳಿಸಿ: ಫಿಲ್ಜಾ ಎಂಬ ಫೈಲ್ ಮ್ಯಾನೇಜರ್‌ನಿಂದ ಡಿಸಿಐಎಂಗೆ (ಫೋಟೋಗಳಿರುವ ಫೋಲ್ಡರ್) ಕೈ ಹಾಕಿದರೆ ಫೋಟೋಸ್ ಆ್ಯಪ್‌ನ ಡೇಟಾಬೇಸ್‌ಗೆ ಅದು ತಿಳಿಯದೆ ತೆರೆಯಲಾಗದ ಥಂಬ್‌ನೇಲ್‌ಗಳು ಉಳಿಯುತ್ತವೆ. ಅಂದಹಾಗೆ, ಫಿಲ್ಜಾಗೆ ತನ್ನದೇ ಟ್ರ್ಯಾಶ್ ಇದೆ. ಅದನ್ನು ಖಾಲಿ ಮಾಡುವವರೆಗೆ ಅಳಿಸಿದ್ದು ಅಳಿಸಿದಂತಲ್ಲ.

ಫಲಿತಾಂಶವನ್ನು ಸೆಟ್ಟಿಂಗ್ಸ್‌ನ ಬಣ್ಣದ ಪಟ್ಟಿಯಲ್ಲಿ ನೋಡಬೇಡಿ, ಅದು ನಿಧಾನವಾಗಿ ಬದಲಾಗುತ್ತದೆ. ನ್ಯೂಟರ್ಮ್ ಎಂಬ ಟರ್ಮಿನಲ್ ಆ್ಯಪ್‌ನಲ್ಲಿ 'ಡಿಎಫ್ -ಎಚ್' (df -h) ಕಮಾಂಡ್ ಕೊಡಿ, ಖಾಲಿ ಜಾಗ ತೋರಿಸುತ್ತದೆ. ಸಿಸ್ಟಮ್, ಡೇಟಾ ಎರಡಕ್ಕೂ ಒಂದೇ ಒಟ್ಟು ಗಾತ್ರ ಕಂಡರೆ ಗಾಬರಿ ಬೇಡ, ಕಂಟೇನರ್ ಒಂದೇ ಅಲ್ಲವೇ.

ಕನಿಷ್ಠ 2 ಜಿಬಿ ಖಾಲಿ ಇರಲಿ. ಎಪಿಎಫ್‌ಎಸ್‌ನಲ್ಲಿ ಅಳಿಸುವುದಕ್ಕೂ ಚೂರು ಜಾಗ ಬೇಕು. ಪೂರ್ತಿ ತುಂಬಿದರೆ ಫೋನ್ ಆಪಲ್ ಲೋಗೋದಲ್ಲೇ ನಿಂತುಬಿಡಬಹುದು. ಟ್ವೀಕ್ ಇನ್‌ಸ್ಟಾಲ್ ಆಗುವಾಗಲೇ ಜಾಗ ಮುಗಿದು ಪ್ಯಾಕೇಜ್ ಅರ್ಧಕ್ಕೆ ನಿಂತಿದ್ದರೆ, ಮೊದಲು ಕ್ಯಾಶ್ ಅಳಿಸಿ, ಆಮೇಲೆ ನ್ಯೂಟರ್ಮ್‌ನಲ್ಲಿ ರೂಟ್ ಆಗಿ (ಪೂರ್ಣ ಅಧಿಕಾರದ ಬಳಕೆದಾರನಾಗಿ) 'ಡಿಪಿಕೆಜಿ --ಕಾನ್ಫಿಗರ್ -ಎ' (dpkg --configure -a) ಓಡಿಸಿ, ಅರ್ಧಕ್ಕೆ ನಿಂತ ಪ್ಯಾಕೇಜ್‌ನ ಕೆಲಸ ಮುಗಿಸಲು. ಅದಕ್ಕೂ ಮುಂಚೆ ರೀಬೂಟ್ ಮಾಡಬೇಡಿ. ಚೆಕ್‌ರೇನ್ ಸೆಮಿ-ಟೆದರ್ಡ್, ಅಂದರೆ ರೀಬೂಟ್ ಆದರೆ ಜೈಲ್‌ಬ್ರೇಕ್ ಹೋಗುತ್ತದೆ, ಮತ್ತೆ ಜೈಲ್‌ಬ್ರೇಕ್ ಮಾಡಲು ಕಂಪ್ಯೂಟರ್ ಬೇಕೇ ಬೇಕು.