ಕೆರಿಬಿಯನ್‌ನಲ್ಲಿ ಯಾಟ್ ಬಾಡಿಗೆಗೆ ಹಿಡಿಯುವವರು ಇದನ್ನು ಓದಿ, ಆಮೇಲೆ ದುಡ್ಡು ಕಟ್ಟಿ

ಬ್ರಿಟಿಷ್ ವರ್ಜಿನ್ ಐಲ್ಯಾಂಡ್ಸ್‌ಗೆ ಹೋಗುವ ಯೋಚನೆ ಇದ್ದರೆ ದಯವಿಟ್ಟು ಓದಿ. ನಮ್ಮ 2,500 ಡಾಲರ್ ಡೆಪಾಸಿಟ್ ಹೋಯಿತು. ಪೂರ್ತಿ ಹೋಯಿತು. ಯಾಟ್ ಓಡಿಸಿದ್ದು ನಾವಲ್ಲ, ಗೀರಿದ್ದೂ ನಾವಲ್ಲ.

ನಮಗೆ ಓಡಿಸೋಕೆ ಬರಲ್ಲ ಅಂತ ಮೊದಲೇ ಹೇಳಿದ್ದೆವು. ಅಲ್ಲಿನ ಟೋರ್ಟೊಲಾ ದ್ವೀಪದ ಯಾಟ್ ಕಂಪನಿಯವರೇ ಒಬ್ಬ ಕ್ಯಾಪ್ಟನ್‌ನನ್ನು ಗೊತ್ತುಮಾಡಿ ಕೊಟ್ಟರು. ಅವರ ದಿನಗೂಲಿ, ಊಟ ಎರಡೂ ನಮ್ಮ ಖರ್ಚು. ಕೆಲಸ ಬಲ್ಲವರೇ, ಇಲ್ಲ ಅನ್ನಲಾರೆ. ಅನೆಗಾಡಾ ದ್ವೀಪಕ್ಕೆ ಸುಮಾರು 29 ಕಿ.ಮೀ. ಉದ್ದದ ಹವಳದ ದಿಬ್ಬ ಇದೆ. ಎಷ್ಟೋ ಹಡಗು ಅಲ್ಲಿ ಒಡೆದಿವೆ. ಅಂಥ ಕಡೆ ನಮ್ಮನ್ನು ಒಂದು ಕುಲುಕಾಟ ಇಲ್ಲದೆ ಕರೆದುಕೊಂಡು ಹೋದರು. ದಡದಲ್ಲಿ ಎಲ್ಲರೂ ಲಾಬ್‌ಸ್ಟರ್ ತಿಂದರು. ನಮ್ಮತ್ತೆ ಮಾತ್ರ ಆ ಕಡೆ ತಿರುಗಿ ಕೂತು, ಡಬ್ಬಿಯ ಚಿತ್ರಾನ್ನ ತಿಂದರು. ವರ್ಜಿನ್ ಗೋರ್ಡಾ ದ್ವೀಪದ ಬಾತ್ಸ್ ಅನ್ನೋ ಕಡಲತೀರದಲ್ಲಿ ದೊಡ್ಡ ದೊಡ್ಡ ಬಂಡೆಗಳ ಸಂದಿಯಲ್ಲಿ ಮಕ್ಕಳು ನೀರು ಬಿಟ್ಟು ಏಳಲೇ ಇಲ್ಲ. ಅಷ್ಟು ಆರಾಮ.

ಆಮೇಲೆ ನಾರ್ಮನ್ ಐಲ್ಯಾಂಡ್. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಗಾಳಿ ಜಾಸ್ತಿ, ಕ್ರಿಸ್‌ಮಸ್ ವಿಂಡ್ಸ್ ಅಂತಲೇ ಹೆಸರು. ಯಾಟ್ ಕಟ್ಟೋಕೆ ನೀರಲ್ಲಿ ತೇಲಿಬಿಟ್ಟಿರುವ ಮೂರಿಂಗ್ ಬಾಲ್ ಒಂದೂ ಖಾಲಿ ಇರಲಿಲ್ಲ, ಲಂಗರು ಹಾಕಿದರು. ರಾತ್ರಿ ಮಳೆ ಗಾಳಿ ಒಟ್ಟಿಗೇ ಬಂತು. ಲಂಗರು ಜಾರಿತು. ಪಕ್ಕದ ಯಾಟ್ ಕೈಗೆ ಸಿಗುವಷ್ಟು ಹತ್ತಿರ! ಕ್ಯಾಪ್ಟನ್ ಎಂಜಿನ್ ಹಾಕಿ ತಪ್ಪಿಸಿದರು. ಯಾವುದಕ್ಕೂ ತಾಗಲಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ತಾಗಲಿಲ್ಲ. ಬೆಳಗ್ಗೆ ನಾನು ಕಂಪನಿಗೆ ಮೆಸೇಜ್ ಹಾಕಿದೆ: ರಾತ್ರಿ ಲಂಗರು ಜಾರಿತ್ತು, ನಿಮ್ಮ ಕ್ಯಾಪ್ಟನ್ ಕಾಪಾಡಿದರು, ಥ್ಯಾಂಕ್ಸ್.

ಆ ಥ್ಯಾಂಕ್ಸೇ ಮುಳುವಾಯಿತು.

ವಾಪಸ್ ಕೊಡುವ ದಿನ ಅವರ ಡೈವರ್ ನೀರಿಗಿಳಿದ. ಅದು ಪದ್ಧತಿ, ಸರಿ. ನಾವು ತಗೊಳ್ಳುವ ದಿನ ಯಾಕೆ ಯಾರೂ ಇಳಿಯಲಿಲ್ಲ? ಮೇಲೆ ಬಂದವನು ಯಾಟ್ ತಳದಿಂದ ಕೆಳಕ್ಕೆ ಚಾಚಿರುವ ಕೀಲ್ ಅನ್ನೋ ಭಾಗದ ಮೇಲೆ ಗೀರು ಇದೆ ಅಂತ ಫೋಟೋ ತೋರಿಸಿದ. ಗೀರಿನೊಳಗೆ ಹಸಿರು ಪಾಚಿ!

"ಇದು ಹಳೇದು ಅಲ್ವಾ?"

"ಇಲ್ಲಿ ನೀರು ಬೆಚ್ಚಗಿರುತ್ತೆ ಮೇಡಂ, ಪಾಚಿ ಬೇಗ ಬೆಳೆಯುತ್ತೆ."

ಹಾನಿಯಾದರೆ ನಮ್ಮ ಹೊಣೆ ತಗ್ಗಲಿ ಅಂತ ಡ್ಯಾಮೇಜ್ ವೇವರ್‌ಗೆ ಬೇರೆ ದುಡ್ಡು ಕಟ್ಟಿದ್ದೀವಲ್ಲ? "ಅದು ಡೆಪಾಸಿಟ್ ಮೊತ್ತ ಕಡಿಮೆ ಮಾಡೋಕೆ ಅಷ್ಟೆ." ಓಡಿಸಿದ್ದು ನಿಮ್ಮ ಕ್ಯಾಪ್ಟನ್ ತಾನೆ? "ಅವರು ನಮ್ಮ ನೌಕರರಲ್ಲ. ಸಂಬಳ ಕೊಟ್ಟವರು ನೀವು, ಜವಾಬ್ದಾರಿ ನಿಮ್ಮದು." ಆಮೇಲೆ ನನ್ನದೇ ಮೆಸೇಜ್ ತೆಗೆದು ನನಗೇ ತೋರಿಸಿದರು. "ಲಂಗರು ಜಾರಿತ್ತು ಅಂತ ನೀವೇ ಬರೆದಿದ್ದೀರಿ."

ಕ್ಯಾಪ್ಟನ್ ಅಲ್ಲೇ ನಿಂತಿದ್ದರು. ಬ್ಯಾಗಿನ ಜಿಪ್ ಎಳೆಯುತ್ತಿದ್ದರು. ಆ ಪುಣ್ಯಾತ್ಮ ತುಟಿ ಬಿಚ್ಚಲಿಲ್ಲ! ನಮಗೆ ಸೇಂಟ್ ಥಾಮಸ್ ಫೆರಿಗೆ ಹೊತ್ತಾಗಿತ್ತು. ಅದು ಅವರಿಗೂ ಗೊತ್ತಿತ್ತು. ಅತ್ತೆಯ ಮುಂದೆ, ಮಕ್ಕಳ ಮುಂದೆ, ಕಳ್ಳರ ಹಾಗೆ ನಿಂತು ಸಹಿ ಹಾಕಿದೆ. ಈಗ ನೆನೆದರೂ ಮೈ ಉರಿಯುತ್ತೆ.

ಹೋಗುವವರು ಮೊದಲ ದಿನವೇ ನೀರಿಗಿಳಿದು ಕೀಲ್, ಪ್ರೊಪೆಲರ್ ಎಲ್ಲ ವಿಡಿಯೋ ಮಾಡಿಕೊಳ್ಳಿ. ಅವರ ಕೈಯಲ್ಲೇ ಅದಕ್ಕೆ ಸಹಿ ಹಾಕಿಸಿ. ಕ್ಯಾಪ್ಟನ್ ಕೈಯಲ್ಲಿ ಏನಾದರೂ ಹಾಳಾದರೆ ದುಡ್ಡು ಯಾರು ಕೊಡಬೇಕು ಅಂತ ಬರೆಸಿಕೊಳ್ಳಿ. ಸುಮ್ನೆ ಥ್ಯಾಂಕ್ಸ್ ಹೇಳೋಕೆ ಹೋಗಬೇಡಿ.

ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ರಿಪೇರಿ ಬಿಲ್ ಕಳಿಸಿ ಅಂತ ಕಂಪನಿಗೂ ಬರೆದೆ. "ಯಾಟ್ ಮರುದಿನವೇ ಬೇರೆಯವರಿಗೆ ಬಾಡಿಗೆಗೆ ಹೋಗಿದೆ, ಬಂದ ಮೇಲೆ ನೋಡುತ್ತೇವೆ" ಅಂತ ಉತ್ತರ ಬಂತು. ಹಾಗಾದರೆ ಅದೇ ಗೀರಿಗೆ ಅವರ ಹತ್ತಿರವೂ ದುಡ್ಡು ಕೀಳುತ್ತೀರಾ ಅಂತ ಕೇಳಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.